ಬೆಟ್ಟದ ಕರಡಿ, ಬಯಲಿನ ತೋಳ

ಕಾಡಿನಲ್ಲಿ ತೋಳವೂ ಕರಡಿಯೂ ಎದುರುಬದುರಾದರೆ ಏನಾಗುವುದು? ಈ ಪ್ರಶ್ನೆಯನ್ನು ನನಗೆ ಹಾಕಿದವನು ನನ್ನ ತರಗತಿಯ ಒಬ್ಬ ವಿದ್ಯಾರ್ಥಿ. ನಾನು ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಇತಿಹಾಸವನ್ನು ಹೇಳಿಕೊಡುವವನು. ಆ ದಿನ ಸಾವನದುರ್ಗದ ಮುತ್ತಿಗೆಯ ಪಾಠ ನಡೆದಿತ್ತು. ೧೭೯೧ನೆಯ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಆ ದುರ್ಗವನ್ನು ಹಿಡಿಯುವುದಕ್ಕೆ ಮೊದಲು ಸುತ್ತಣ ಬಿದಿರುಮೆಳೆಗಳನ್ನು ಕಡಿದು ಫಿರಂಗಿಗಳಿಗೆ ದಾರಿ ಮಾಡಬೇಕಾಯಿತೆಂದು ವಿವರಿಸುತ್ತಿದ್ದೆನು. ಪಾಠ ಮುಗಿದ ಮೇಲೆ ಹುಡುಗನು ಸಂಕೋಚದಿಂದ ಹತ್ತಿರ ಬಂದು, "ಸಾರ್, ನಮ್ಮ ತಾತ ಕುರಿ ಕಾಯುತ್ತಿದ್ದ ಕಾಲದಲ್ಲಿ ತೋಳವೂ ಕರಡಿಯೂ ಎದುರಾದದ್ದನ್ನು ಕಣ್ಣಾರೆ ನೋಡಿದರಂತೆ. ಊರಿನಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಅದು ನಿಜವೋ ಸುಳ್ಳೋ ಹೇಗೆ ತಿಳಿಯುವುದು?" ಎಂದನು.

ಚರಿತ್ರೆಯೆಂಬ ಶಾಸ್ತ್ರವೆಲ್ಲವೂ ಈ ಪ್ರಶ್ನೆಯಿಂದಲೇ ಹುಟ್ಟಿದ್ದಲ್ಲವೆ? ಒಬ್ಬನು ನೋಡಿದೆನೆನ್ನುತ್ತಾನೆ, ಬೇರೆ ಸಾಕ್ಷಿಯಿಲ್ಲ, ನಂಬುವುದೋ ಬಿಡುವುದೋ? ಸುಲ್ತಾನರ ಪತ್ರಗಳನ್ನೂ ಸೇನಾಪತಿಗಳ ದಿನಚರಿಗಳನ್ನೂ ಒರೆಗೆ ಹಚ್ಚುವ ನಾವು ಒಬ್ಬ ಕುರುಬರ ಮುದುಕನ ಮಾತನ್ನು ಮಾತ್ರ ನಕ್ಕು ಬಿಡುವುದು ನ್ಯಾಯವಲ್ಲವೆಂದು ನನಗೆ ತೋರಿತು. ಆದುದರಿಂದ ಒಂದು ಭಾನುವಾರ ಆ ಹುಡುಗನೊಡನೆ ಹಾರೋಹಳ್ಳಿಗೆ ಹೋದೆನು. ಅಲ್ಲಿ ಕೇಳಿದುದನ್ನೂ, ಆ ಬಳಿಕ ಪುಸ್ತಕಗಳಲ್ಲಿ ಹುಡುಕಿದುದನ್ನೂ ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಮೊದಲು ಆ ಸೀಮೆಯ ನೆಲವನ್ನು ನೆನಪಿಗೆ ತಂದುಕೊಳ್ಳಬೇಕು. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿ ಇದೆ. ಅದರ ಪೂರ್ವಕ್ಕೆ ಬನ್ನೇರುಘಟ್ಟದ ಕಾಡು. ಪಶ್ಚಿಮಕ್ಕೆ ರಾಮನಗರದ ಕಲ್ಲುಬೆಟ್ಟಗಳು. ವಾಯವ್ಯಕ್ಕೆ ಮಾಗಡಿಯ ಸಾವನದುರ್ಗ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದೆಂದೂ, ಆ ಮೇಲೆ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆಂದೂ ಕರೆಯಿಸಿಕೊಂಡು, ಕೊನೆಗೆ ರಾಮನಗರವಾದ ಊರು ಅದು. ಊರಿನ ಹಳೆಯ ಹೆಸರನ್ನು ಜನ ಮರೆತರೂ ಭೂವಿಜ್ಞಾನಿಗಳು ಮರೆತಿಲ್ಲ. ಆ ಬೆಟ್ಟಗಳ ಕಲ್ಲಿಗೆ ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಹೇಳುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಹುಟ್ಟಿದ ಈ ಶಿಲೆಯು ಕನಕಪುರದ ಸೀಮೆಯಿಂದ ಹೊರಟು, ರಾಮನಗರ, ಮಾಗಡಿ, ತುಮಕೂರು, ಪಾವಗಡಗಳ ಕಡೆಯಿಂದ ತುಂಗಭದ್ರೆಯ ಸೀಮೆಯವರೆಗೆ ಸುಮಾರು ೪೦೦ ಕಿಲೋಮೀಟರು ಉದ್ದಕ್ಕೆ ಒಂದು ಪಟ್ಟಿಯಂತೆ ಹಬ್ಬಿದೆ. ಪಟ್ಟಿಯ ನಡುವೆ ಗುಂಡುಗಳು, ಗವಿಗಳು, ಪೊಟರೆಗಳು. ಅದರ ಇಕ್ಕೆಲಗಳಲ್ಲಿ ಹುಲ್ಲುಗಾವಲು, ಕುರುಚಲು ಕಾಡು, ಬೆದ್ದಲು ಹೊಲ. ಗವಿಯು ಕರಡಿಗೆ ಮನೆಯಾದರೆ ಬಯಲು ತೋಳಕ್ಕೆ ಬೀದಿ. ಎರಡೂ ಕೂಡುವ ಸ್ಥಳ ಬೆಟ್ಟದ ತಪ್ಪಲು. ಈ ಒಂದು ಸಂಗತಿಯನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತೆಲ್ಲವೂ ಸುಲಭವಾಗುವುದು.

ಮುದುಕರು ಮನೆಯ ಜಗಲಿಯ ಮೇಲೆ ಕುಳಿತಿದ್ದರು. ವಯಸ್ಸು ಎಂಬತ್ತನ್ನು ದಾಟಿದ್ದರೂ ಕಣ್ಣು ಚುರುಕು. ನಾನು ವಿಷಯವನ್ನು ಎತ್ತಿದೊಡನೆ ಮೊಮ್ಮಗನ ಕಡೆ ಒಮ್ಮೆ ನೋಡಿ, "ಮೇಷ್ಟ್ರನ್ನೂ ನಗಿಸೋಕೆ ಕರಕೊಂಡು ಬಂದ್ಯಾ?" ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಅವರಿಗಾಗ ಇಪ್ಪತ್ತೈದರ ಪ್ರಾಯ. ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಂದಿರಲಿಲ್ಲ. ಸಂಜೆ ಮಂದೆಯನ್ನು ರೊಪ್ಪಕ್ಕೆ ಹೊಡೆದುಕೊಂಡು ಬರುವಾಗ ನಾಯಿ ಬೊಗಳುವುದನ್ನು ನಿಲ್ಲಿಸಿ ಕಾಲ ಸಂದಿಗೆ ಬಂದು ನಿಂತಿತು. ನೋಡಿದರೆ ಹಿಂದೆ ಎರಡು ತೋಳ. ಇವರು ಕೂಗು ಹಾಕಬೇಕೆನ್ನುವಷ್ಟರಲ್ಲಿ ತೋಳಗಳ ಗಮನ ಕುರಿಗಳ ಮೇಲಿಂದ ಬೇರೆ ಕಡೆಗೆ ತಿರುಗಿತು. ತಪ್ಪಲಿನ ಒಂದು ಹುತ್ತದ ಬಳಿ ಕರಡಿಯೊಂದು ಮಣ್ಣು ಕೆದರುತ್ತಿತ್ತು. ಅದರ ಬೆನ್ನಿನ ಮೇಲೆ ಎರಡು ಮರಿ.

"ಆಮೇಲೆ ಏನಾಯ್ತು ಯಜಮಾನರೆ?" ಎಂದೆನು.

"ಏನಾಗ್ತದೆ ಸ್ವಾಮಿ? ಒಂದು ತೋಳ ಕುಂತ್ಕೊಂತು, ಒಂದು ನಿಂತೇ ಇತ್ತು. ಕರಡಿ ಎರಡು ಕಾಲ ಮೇಲೆ ಎದ್ದು ನಿಂತು ಮೂಸು ನೋಡ್ತು. ಬುಸ್ ಅಂತ ಹತ್ತು ಹೆಜ್ಜೆ ಮುಂದಕ್ಕೆ ನುಗ್ತು. ತೋಳ ಓಡಲಿಲ್ಲ, ಪಕ್ಕಕ್ಕೆ ಸರೀತು. ಕರಡಿ ತಿರುಗಿ ಹುತ್ತದ ತಾವ್ಕೆ ಹೋಯ್ತು. ತೋಳ ಸುತ್ತು ಬಳಸಿ ಹಳ್ಳದ ಕಡೆ ಇಳಿದ್ವು. ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ."

ಇಷ್ಟೇ ಅವರು ಹೇಳಿದ್ದು. ಅವರು ನಿಂತಿದ್ದ ಸ್ಥಳ ಈಗೇನಾಗಿದೆಯೆಂದು ಕೇಳಿದೆನು. ಮೊಮ್ಮಗನು ಕೈ ಚಾಚಿ ತೋರಿಸಿದನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಾಂಪೌಂಡು ಗೋಡೆ, ಅದರ ಮುಂದೆ ಲಾರಿಗಳ ಸಾಲು.

ಇನ್ನು ಈ ಸಾಕ್ಷ್ಯವನ್ನು ಪರೀಕ್ಷಿಸಬೇಕು. ಇದೇ ಬಗೆಯ ನೋಟವನ್ನು ಬೇರೆ ಯಾರಾದರೂ ಬರೆದಿಟ್ಟಿದ್ದಾರೆಯೆ ಎಂಬುದು ಮೊದಲನೆಯ ಪ್ರಶ್ನೆ. ನಾನು ನೋಡಿದ ಪುಸ್ತಕಗಳಲ್ಲಿ ಹುಲಿಗೂ ಕರಡಿಗೂ ಆದ ಭೇಟಿಗಳು ದೊರೆತವು. ನಮ್ಮ ಸೀಮೆಯ ತೋಳಕ್ಕೂ ಕರಡಿಗೂ ಆದ ಭೇಟಿ ದೊರೆಯಲಿಲ್ಲ. ಇದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಅದೇ ಒಂದು ಇತಿಹಾಸವಾಗುತ್ತದೆ.

ಸಾವನದುರ್ಗ ಬಿದ್ದ ೧೭೯೧ರಲ್ಲಿಯೇ ಲಂಡನ್ನಿನಲ್ಲಿ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನು ನಮ್ಮ ಕರಡಿಯನ್ನು ಮೊದಲ ಬಾರಿಗೆ ಶಾಸ್ತ್ರರೀತಿಯಲ್ಲಿ ವರ್ಣಿಸಿದನು. ಅದರ ನೀಳವಾದ ಉಗುರುಗಳನ್ನೂ, ಮೇಲ್ದವಡೆಯ ಮುಂದೆ ಎರಡು ಹಲ್ಲುಗಳಿಲ್ಲದಿರುವುದನ್ನೂ ಕಂಡು, ಇದು ಅಮೆರಿಕಾ ಖಂಡದ ಮರಗಳಲ್ಲಿ ನೇತಾಡುವ ಸೋಮಾರಿ ಪ್ರಾಣಿಯ ಜಾತಿಯದೆಂದು ಅವನು ಬಗೆದನು. ತಪ್ಪು ಬೇಗನೆ ತಿದ್ದಿಹೋಯಿತು. ಆದರೆ ಇಂಗ್ಲೀಷಿನಲ್ಲಿ "ಸೋಮಾರಿ ಕರಡಿ" ಎಂಬ ಹೆಸರು ಮಾತ್ರ ಇಂದಿಗೂ ಅಂಟಿಕೊಂಡಿದೆ. ರಾಮನಗರದ ರೈತನೊಬ್ಬನನ್ನು ಕೇಳಿದರೆ ಅದು ಎಷ್ಟು ಸೋಮಾರಿಯೆಂಬುದನ್ನು ಅವನು ಹೇಳಿಯಾನು! ತೋಳದ ಸರದಿ ೧೮೩೧ರಲ್ಲಿ ಬಂದಿತು. ಮುಂಬಯಿ ಸರ್ಕಾರದ ಅಂಕಿ ಅಂಶಗಳನ್ನು ಸಂಗ್ರಹಿಸುತ್ತಿದ್ದ ಸೈಕ್ಸ್ ಎಂಬ ಸೈನ್ಯಾಧಿಕಾರಿ ದಖ್ಖನದ ತೋಳಕ್ಕೆ ಲ್ಯಾಟಿನ್ನಿನಲ್ಲಿ "ಬಿಳಿಚು ಕಾಲಿನದು" ಎಂಬರ್ಥದ ಪಾಲಿಪೆಸ್ ಎಂಬ ಹೆಸರನ್ನಿಟ್ಟನು. ಹೀಗೆ ಎರಡು ಪ್ರಾಣಿಗಳೂ ನಲವತ್ತು ವರ್ಷಗಳ ಅಂತರದಲ್ಲಿ ಶಾಸ್ತ್ರದೊಳಕ್ಕೆ ಬಂದುವು. ಆದರೆ ಒಂದೊಂದೂ ತನ್ನಷ್ಟಕ್ಕೆ ತಾನು ಬಂದಿತು. ವಿದ್ವಾಂಸನ ಮೇಜಿನ ಮೇಲೆ ಚರ್ಮ, ಹಲ್ಲು, ಉಗುರು ಇದ್ದುವು, ತಪ್ಪಲು ಇರಲಿಲ್ಲ.

ಬಳಿಕ ಬಂದದ್ದು ಇನಾಮಿನ ಕಾಲ. ದನಕರುಗಳನ್ನೂ ಮಕ್ಕಳನ್ನೂ ಹಿಡಿಯುವ ಮೃಗಗಳನ್ನು ಕೊಂದು ತಂದವರಿಗೆ ಬ್ರಿಟಿಷ್ ಇಂಡಿಯಾದ ಸರ್ಕಾರದವರು ತಲೆಗಿಷ್ಟೆಂದು ಹಣ ಕೊಡುತ್ತಿದ್ದರು. ಚರಿತ್ರಕಾರ ಮಹೇಶ ರಂಗರಾಜನ್ ಅವರು ಲೆಕ್ಕ ಹಾಕಿರುವಂತೆ ೧೮೭೫ರಿಂದ ೧೯೨೫ರವರೆಗಿನ ಐವತ್ತು ವರ್ಷಗಳಲ್ಲಿ ಸುಮಾರು ೨ ಲಕ್ಷ ತೋಳಗಳು ಹೀಗೆ ಸತ್ತುವು. ಖಜಾನೆಯ ಗುಮಾಸ್ತನಿಗೆ ಬೇಕಾಗಿದ್ದುದು ಎಣಿಕೆ; ತೋಳವು ಸಾಯುವ ಮೊದಲು ಎಲ್ಲಿ ನಡೆಯುತ್ತಿತ್ತು, ಯಾರನ್ನು ಕಂಡು ಸರಿಯುತ್ತಿತ್ತು ಎಂಬುದು ಅವನ ಪುಸ್ತಕದಲ್ಲಿ ಬರುವಂತಿರಲಿಲ್ಲ. ಮೈಸೂರಿನ ವಿಷಯಕ್ಕೆ ಬಂದರೆ, ಲೂಯಿಸ್ ರೈಸ್ ಅವರು ೧೮೭೭ರಲ್ಲಿ ಅಚ್ಚುಹಾಕಿಸಿ ೧೮೯೭ರಲ್ಲಿ ಪರಿಷ್ಕರಿಸಿದ ಗ್ಯಾಸೆಟಿಯರು ನಮಗೆಲ್ಲ ಚಿರಪರಿಚಿತವಾದ ಗಣಿ. ಅದರಲ್ಲಿಯೂ ಸಂಸ್ಥಾನದ ಪ್ರಾಣಿಗಳ ಪಟ್ಟಿಯುಂಟು. ಪಟ್ಟಿಯೆಂದರೆ ಪಟ್ಟಿಯೇ; ಹೆಸರಿನ ಕೆಳಗೆ ಹೆಸರು.

ಶಿಕಾರಿಯವರಾದರೂ ನೋಡಿರಬೇಕಲ್ಲ ಎನ್ನಬಹುದು. ಮೈಸೂರು ಸರ್ಕಾರದಲ್ಲಿ ಆನೆ ಹಿಡಿಯಿಸುವ ಕೆಲಸದಲ್ಲಿದ್ದ ಸ್ಯಾಂಡರ್ಸನ್ನನು ೧೮೭೮ರಲ್ಲಿ ಪ್ರಕಟಿಸಿದ ಹೊತ್ತಗೆಯಲ್ಲಿ ಕರಡಿಯ ವಿಷಯವೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಕೆನೆತ್ ಆಂಡರ್ಸನ್ನನು ಅರಸೀಕೆರೆಯ ಕಡೆಯ ಒಂದು ಕೊಲೆಗಡುಕ ಕರಡಿಯ ಕಥೆಯನ್ನು ಬರೆದನು. ಇವರು ಸೂಕ್ಷ್ಮದೃಷ್ಟಿಯುಳ್ಳವರು, ಕಾಡನ್ನು ಪ್ರೀತಿಸಿದವರು. ಆದರೂ ಕೋವಿಯನ್ನು ಹಿಡಿದವನ ಕಣ್ಣು ಒಂದು ಪ್ರಾಣಿಯ ಮೇಲೆ ನೆಟ್ಟಿರುತ್ತದೆ. ಎರಡು ಪ್ರಾಣಿಗಳು ತಮ್ಮ ತಮ್ಮೊಳಗೆ ಏನು ಮಾಡಿಕೊಳ್ಳುವುವೆಂಬುದನ್ನು ನೋಡಬೇಕಾದರೆ ಗುಂಡು ಹಾರಿಸದೆ ಕುಳಿತಿರಬೇಕು. ಅಲ್ಲದೆ ಹುಲಿ ಕಾಟಿಗಳನ್ನು ಅರಸಿ ಹೊರಟ ದೊಡ್ಡ ಶಿಕಾರಿಗಳಿಗೆ ಊರ ಮಗ್ಗುಲಿನ ಕಲ್ಲುಗುಡ್ಡ, ಕುರಿ ಮೇಯುವ ಬಯಲು ಕಾಡಾಗಿ ಕಾಣಿಸಿದುದೂ ಅಪರೂಪ.

ನಮ್ಮ ಜನರೂ ಈ ಪ್ರಾಣಿಗಳನ್ನು ಬೇರೆ ಬೇರೆಯಾಗಿಯೇ ನೆನೆದಿದ್ದಾರೆ. ಕರಡಿಗೆ ರಾಮಾಯಣದಲ್ಲಿ ಜಾಂಬವಂತನ ಪದವಿ ಸಿಕ್ಕಿತು. ತೋಳಕ್ಕೆ ಭಾರತದಲ್ಲಿ ಭೀಮನ ಹೊಟ್ಟೆಯ ಹೆಸರಷ್ಟೇ, ವೃಕೋದರನೆಂದು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂಬ ಗಾದೆಯಲ್ಲಿ ಕರಡಿ ಗಲಿಬಿಲಿಯ ಪ್ರಾಣಿ, ನಗೆಗೆ ವಸ್ತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯಲ್ಲಿ ನಗೆಯಿಲ್ಲ. ಪೇಟೆಯವರಿಗೆ ಕರಡಿಯನ್ನು ತೋರಿಸಿದವರು ಕಲಂದರರು. ಮೂಗಿಗೆ ಹಗ್ಗ ಹಾಕಿದ ಕರಡಿಯ ಮೇಲೆ ಮಕ್ಕಳನ್ನು ಕೂರಿಸಿ ಭಯ ಬಿಡಿಸುವುದು, ಅದರ ಕೂದಲನ್ನು ತಾಯಿತಕ್ಕೆ ಕೊಡುವುದು ನಮ್ಮಲ್ಲಿ ಅನೇಕರ ಬಾಲ್ಯದ ನೆನಪು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಇದಕ್ಕೆ ತಡೆಹಾಕಿದರೂ ಪದ್ಧತಿಯು ನಿಲ್ಲಲು ಬಹಳ ಕಾಲ ಹಿಡಿಯಿತು. ೨೦೦೫ರಲ್ಲಿ ಬನ್ನೇರುಘಟ್ಟದಲ್ಲಿ ಕರಡಿಗಳ ರಕ್ಷಣಾ ಕೇಂದ್ರವು ಆರಂಭವಾಯಿತು. ೨೦೦೯ರಲ್ಲಿ ಕೊನೆಯ ಕುಣಿತದ ಕರಡಿಯೆಂದು ಹೇಳಲಾದ ಪ್ರಾಣಿಯು ಅಲ್ಲಿಗೇ ಬಂದು ಸೇರಿತು. ಇಂಗ್ಲೀಷು ಓದಿದ ನಮ್ಮಂಥವರಿಗೆ ತೋಳ ಕರಡಿಗಳನ್ನು ಒಟ್ಟಿಗೆ ತೋರಿಸಿದವನು ಕಿಪ್ಲಿಂಗ್. ೧೮೯೪ರಲ್ಲಿ ಹೊರಬಂದ ಅವನ ಕಾಡಿನ ಕಥೆಗಳಲ್ಲಿ ಬಲೂ ಎಂಬ ಕರಡಿಯು ತೋಳಗಳ ಸಭೆಯಲ್ಲಿ ಕುಳಿತು ಮರಿಗಳಿಗೆ ಧರ್ಮವನ್ನು ಬೋಧಿಸುತ್ತದೆ. ಕಥೆ ಸೊಗಸಾದುದು, ಸಾಕ್ಷ್ಯವಲ್ಲ.

ಹಾಗಾದರೆ ತೋಳ ಕರಡಿಗಳ ಭೇಟಿಯನ್ನು ಬಿಡುಗಣ್ಣಿನಿಂದ ನೋಡಿ ಬರೆದವರೇ ಇಲ್ಲವೆ? ಇದ್ದಾರೆ, ಆದರೆ ಬೇರೆ ದೇಶಗಳಲ್ಲಿ, ಬೇರೆ ಜಾತಿಯ ಕರಡಿಯ ವಿಷಯದಲ್ಲಿ. ಅಮೆರಿಕಾದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ನಿರ್ನಾಮವಾಗಿದ್ದ ತೋಳಗಳನ್ನು ಕೆನಡಾದಿಂದ ತಂದು, ೧೯೯೫ರಲ್ಲಿ ೧೪ನ್ನೂ ೧೯೯೬ರಲ್ಲಿ ೧೭ನ್ನೂ ಬಿಟ್ಟರು. ಅಂದಿನಿಂದ ದೂರದರ್ಶಕಗಳನ್ನು ಹೂಡಿಕೊಂಡು ಹಿಮದಲ್ಲಿ ಕಾಯುತ್ತ ಕುಳಿತ ನೋಟಗಾರರು ಅಲ್ಲಿಯ ಭೇಟಿಗಳನ್ನು ನೂರಾರು ಪುಟ ಬರೆದಿದ್ದಾರೆ. ತೋಳಗಳು ಜಿಂಕೆಯನ್ನು ಕೆಡೆಯುತ್ತವೆ. ವಾಸನೆ ಹಿಡಿದು ಕರಡಿ ಬರುತ್ತದೆ. ತೋಳಗಳು ಸುತ್ತುಗಟ್ಟಿ ಹಿಂದಿನಿಂದ ಕಚ್ಚುವಂತೆ ನಟಿಸುತ್ತವೆ. ಬಹುಸಲ ಕರಡಿಯೇ ಮಾಂಸದ ಮೇಲೆ ಕುಳಿತುಬಿಡುತ್ತದೆ. ಹೀಗೆ ಬೇಟೆಯನ್ನು ಕಳೆದುಕೊಂಡ ತೋಳವು ಬೇಗ ಇನ್ನೊಂದು ಬೇಟೆಯಾಡಬೇಕಷ್ಟೆ ಎಂದು ಎಲ್ಲರೂ ಎಣಿಸಿದ್ದರು. ಯೆಲ್ಲೊಸ್ಟೋನಿನ ಲೆಕ್ಕಗಳನ್ನೂ ಸ್ಕ್ಯಾಂಡಿನೇವಿಯಾದ ಲೆಕ್ಕಗಳನ್ನೂ ಹೋಲಿಸಿ ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದ ಫಲವು ಇದಕ್ಕೆ ವಿರುದ್ಧವಾಗಿತ್ತು. ಕರಡಿಗಳಿರುವ ಕಡೆ ತೋಳಗಳು ಬೇಟೆಯಾಡುವುದು ಕಡಿಮೆ. ಊಹೆಗೂ ನೋಟಕ್ಕೂ ಎಷ್ಟು ಅಂತರವೆಂಬುದಕ್ಕೆ ಇದೊಂದು ಪಾಠ.

ಫಿನ್ಲೆಂಡಿನಲ್ಲಿ ಇನ್ನೊಂದು ಬಗೆಯ ನೋಟ ದೊರೆಯಿತು. ೨೦೧೩ರಲ್ಲಿ ಲಾಸ್ಸಿ ರೌತಿಯಾಯ್ನೆನ್ ಎಂಬ ಛಾಯಾಚಿತ್ರಕಾರನು ಒಂದು ಹೆಣ್ಣು ತೋಳವೂ ಒಂದು ಗಂಡು ಕರಡಿಯೂ ಹತ್ತು ರಾತ್ರಿಗಳ ಕಾಲ ಜೊತೆಯಾಗಿ ಕುಳಿತು ಆಹಾರವನ್ನು ಹಂಚಿಕೊಂಡುದನ್ನು ಚಿತ್ರಿಸಿದನು. ಲೋಕವೆಲ್ಲವೂ ಆ ಚಿತ್ರಗಳನ್ನು ನೋಡಿ ಬೆರಗಾಯಿತು. ಬೆರಗಾಗುವಂಥದೇ. ಆದರೆ ಆ ಸೀಮೆಯಲ್ಲಿ ನೋಟಗಾರರ ಮರೆಗಳ ಮುಂದೆ ಮಾಂಸವನ್ನಿಟ್ಟು ಪ್ರಾಣಿಗಳನ್ನು ಬರಮಾಡಿಕೊಳ್ಳುವುದು ರೂಢಿಯೆಂಬುದನ್ನು ಚರಿತ್ರೆಯವನು ಮರೆಯಬಾರದು. ನಮ್ಮಲ್ಲಿಯೂ ಇಂಥದಿದೆ. ೧೯೯೪ರಲ್ಲಿ ಸ್ಥಾಪಿತವಾದ ದರೋಜಿಯ ಕರಡಿಧಾಮದಲ್ಲಿ ಅರಣ್ಯ ಇಲಾಖೆಯವರು ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿಯುತ್ತಾರೆ. ಇಳಿಹೊತ್ತಿಗೆ ಕರಡಿಗಳು ಗವಿಗಳಿಂದಿಳಿದು ಬಂದು ನೆಕ್ಕುವುದನ್ನು ಪ್ರವಾಸಿಗರು ಎದುರಿನ ಗುಡ್ಡದಿಂದ ನೋಡಿ ಸಂತೋಷಪಡುತ್ತಾರೆ. ಅದು ಕರಡಿಯ ನಿಜವಾದ ನೋಟವೇ. ಆದರೆ ಬೆಲ್ಲವಿದ್ದಲ್ಲಿ ಕರಡಿ ಬರುವುದಲ್ಲದೆ ತೋಳವೇಕೆ ಬರುವುದು? ನಾವು ಏನನ್ನಿಟ್ಟು ಕಾಯುತ್ತೇವೆಯೋ ಅದಕ್ಕೆ ತಕ್ಕುದನ್ನೇ ನೋಡುತ್ತೇವೆ.

ಎರಡನೆಯ ಪ್ರಶ್ನೆ, ಮುದುಕರು ಹೇಳಿದುದು ಪ್ರಾಣಿಗಳ ಸ್ವಭಾವಕ್ಕೆ ಒಪ್ಪುವುದೇ ಎಂಬುದು. ಇಲ್ಲಿ ಯೆಲ್ಲೊಸ್ಟೋನಿನ ಕರಡಿಯನ್ನು ಪಕ್ಕಕ್ಕಿಡಬೇಕು. ನಮ್ಮ ಕರಡಿ ಮಾಂಸಕ್ಕಾಗಿ ಹೊಡೆದಾಡುವುದಲ್ಲ. ಗೆದ್ದಲು, ಇರುವೆ, ಜೇನು, ಕಕ್ಕೆಯ ಕಾಯಿ, ಎಲಚಿ, ಆಲ, ಅತ್ತಿಗಳ ಹಣ್ಣು, ಇವು ಅದರ ಊಟ. ಹೆಣವನ್ನು ಮುಟ್ಟುವುದು ಅಪರೂಪ. ಷಾನನ್ನು ದಾರಿ ತಪ್ಪಿಸಿದ ಆ ಎರಡು ಹಲ್ಲುಗಳ ಸಂದಿಯೇ ಹುತ್ತದಿಂದ ಗೆದ್ದಲನ್ನು ಹೀರುವ ಕೊಳವೆ. ತೋಳವಾದರೋ ಕೃಷ್ಣಮೃಗ, ಮೊಲ, ಕುರಿ ಮೇಕೆಗಳಿಂದ ಬದುಕುವುದು. ಆದುದರಿಂದ ಒಂದರ ತಟ್ಟೆಗೆ ಇನ್ನೊಂದು ಕೈಹಾಕುವ ಕಾರಣ ಕಡಿಮೆ. ಇನ್ನು ಬಲದ ಮಾತು. ನಮ್ಮ ತೋಳವು ಸುಮಾರು ಇಪ್ಪತ್ತು ಕಿಲೋ ತೂಗುವುದು. ಹೆಣ್ಣು ಕರಡಿಯು ಅದರ ಮೂರು ನಾಲ್ಕರಷ್ಟು, ಗಂಡು ಕರಡಿಯು ನೂರು ಕಿಲೋವನ್ನೂ ಮೀರಬಹುದು. ಎರಡು ತೋಳಗಳು ಅಂಥ ಉಗುರುಗಳ ಮುಂದೆ ಜಗಳ ತೆಗೆಯುವುದು ಅವಿವೇಕ.

ಮರಿಗಳ ವಿಷಯದಲ್ಲಿ ನನಗೆ ಹೆಚ್ಚು ಆಶ್ಚರ್ಯವಾಯಿತು. ಮರಿಗಳನ್ನು ಬೆನ್ನಿನ ಮೇಲೆ ಹೊತ್ತುಕೊಂಡು ತಿರುಗುವುದೇ ರೂಢಿಯಾಗಿರುವ ಕರಡಿ ನಮ್ಮದೊಂದೇ ಎಂದು ಬಲ್ಲವರು ಹೇಳುತ್ತಾರೆ. ದಕ್ಷಿಣದಲ್ಲಿ ಮರಿಗಳು ಹುಟ್ಟುವುದು ಹೆಚ್ಚಾಗಿ ಚಳಿಗಾಲದಲ್ಲಿ. ಎರಡು ಮೂರು ತಿಂಗಳು ಗವಿಯಲ್ಲಿದ್ದು, ಬೇಸಗೆ ಕಾಲಿಡುವ ಹೊತ್ತಿಗೆ ತಾಯಿಯ ಬೆನ್ನೇರಿ ಹೊರಕ್ಕೆ ಬರುತ್ತವೆ. ಶಿವರಾತ್ರಿಗೂ ಯುಗಾದಿಗೂ ನಡುವೆ ಎಂದು ಮುದುಕರು ಹೇಳಿದುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಪುಸ್ತಕವನ್ನು ಓದದ ಮನುಷ್ಯನು, ಯಾರೂ ಕೇಳದಿದ್ದ ಒಂದು ವಿವರದಲ್ಲಿ, ಪುಸ್ತಕಕ್ಕೆ ಒಪ್ಪುವ ಮಾತನ್ನಾಡಿದರೆ ಆ ಸಾಕ್ಷಿಯ ಬೆಲೆ ಏರುತ್ತದೆ. ನ್ಯಾಯಾಸ್ಥಾನದಲ್ಲಿಯೂ ಹೀಗೆಯೇ, ಚರಿತ್ರೆಯಲ್ಲಿಯೂ ಹೀಗೆಯೇ. ಮರಿ ಹೊತ್ತ ತಾಯಿಯು ಓಡಿಹೋಗಲಾರದೆ ನಿಂತು ಎದುರಿಸುತ್ತದೆಯೆಂಬುದೂ ತಿಳಿದ ಸಂಗತಿ. ಹುಲಿಯೂ ಕರಡಿಯೂ ಎದುರಾದ ಚಲನಚಿತ್ರಗಳನ್ನು ಇತ್ತೀಚಿನ ವರ್ಷಗಳಲ್ಲಿ ವಿದ್ವಾಂಸರು ಒಟ್ಟುಗೂಡಿಸಿ ನೋಡಿದ್ದಾರೆ. ಅವುಗಳಲ್ಲಿ ಬಹುಪಾಲು ಮೈಗೆ ಮೈ ತಾಗದೆಯೇ ಮುಗಿದುವು. ಕರಡಿಯು ಎದ್ದು ನಿಲ್ಲುವುದು, ನುಗ್ಗುವುದು, ಹುಲಿಯು ಸರಿದು ಹೋಗುವುದು. ಹುಲಿಯೇ ಸರಿಯುವಾಗ ತೋಳವು ಸರಿದುದರಲ್ಲಿ ಸೋಜಿಗವೇನು?

ಅವರು ನೋಡಿದುದು ತೋಳವೇ ಹೌದೋ ಅಲ್ಲವೋ ಎಂಬ ಸಂದೇಹವೊಂದು ಉಳಿಯುತ್ತದೆ. ನಾನು ಆ ದಿನವೇ, "ಕೆನ್ನಾಯಿಯೋ ನರಿಯೋ ಇದ್ದಿರಬಹುದೆ?" ಎಂದು ಕೇಳಿದ್ದೆನು. ಮುದುಕರಿಗೆ ಸ್ವಲ್ಪ ಸಿಟ್ಟೇ ಬಂದಿತು. "ಕುರಿ ಕಳಕೊಂಡೋನಿಗೆ ತೋಳ ಯಾವುದು ಅಂತ ಗೊತ್ತಿರಲ್ವಾ ಸ್ವಾಮಿ?" ಎಂದರು. ಕೊನೆಗೆ ನಾನು, "ಜಗಳವೇ ಆಗಲಿಲ್ಲವಲ್ಲ, ಹಾಗಾದರೆ ಜನ ಏಕೆ ನಂಬುವುದಿಲ್ಲ?" ಎಂದುದಕ್ಕೆ ಅವರು ಬೊಚ್ಚುಬಾಯಿ ಬಿಟ್ಟು ನಗು ನಗುತ್ತ ಹೇಳಿದರು: "ಅದಕ್ಕೇ ನಂಬಲ್ಲ. ಸುಳ್ಳು ಹೇಳೋ ಹಂಗಿದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ." ನಲವತ್ತು ವರ್ಷ ಚರಿತ್ರೆ ಕಲಿಸಿದವನೂ ಸಾಕ್ಷ್ಯದ ತತ್ತ್ವವನ್ನು ಇಷ್ಟು ಚೊಕ್ಕವಾಗಿ ಹೇಳಲಾರನು. ಅವರ ಮಾತು ನಂಬತಕ್ಕದ್ದೆಂಬುದೇ ನನ್ನ ತೀರ್ಮಾನ.

ಇಲ್ಲಿಗೆ ಹುಡುಗನ ಪ್ರಶ್ನೆಗೆ ಉತ್ತರವಾಯಿತು. ಆದರೆ ಆ ಉತ್ತರದಿಂದ ನನಗೆ ಇನ್ನೊಂದು ಯೋಚನೆ ಹತ್ತಿತು. ಮುದುಕರು ಕಂಡಂಥದನ್ನು ಇನ್ನು ಯಾರಾದರೂ ಆ ಸ್ಥಳದಲ್ಲಿ ಕಾಣಬಲ್ಲರೆ? ಕರಡಿಯೇನೋ ಇನ್ನೂ ಇದೆ. ಉಳಲಾಗದ ಕಲ್ಲು ಅದನ್ನು ಕಾಪಾಡಿತು. ರಾಮನಗರದ ಬೆಟ್ಟಗಳಿಂದ ಅದು ಹೊಲಗಳಿಗಿಳಿದ ಸುದ್ದಿಯನ್ನು ನಾವು ಆಗಾಗ ಪತ್ರಿಕೆಗಳಲ್ಲಿ ಓದುತ್ತೇವೆ. ತೋಳದ ಮಾತನ್ನು ಆ ಊರಿನ ಕಿರಿಯರಲ್ಲಿ ಯಾರೂ ಆಡಲಿಲ್ಲ. ತೋಳಕ್ಕೆ ಬೇಕಾದುದು ಬಯಲು. ಬಯಲನ್ನು ಕಾಪಾಡಲು ಕಲ್ಲಿಲ್ಲ. ನಮ್ಮ ಕಂದಾಯದ ಲೆಕ್ಕಗಳಲ್ಲಿ ಒಂದು ಕಾಲದಲ್ಲಿ ಆ ನೆಲಕ್ಕೆ ಗೋಮಾಳ, ಕಾವಲು, ಹುಲ್ಲುಬನ್ನಿ ಖರಾಬು ಎಂಬ ಹೆಸರುಗಳಿದ್ದುವು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲಾಗಿ, ಅದರ ದನಗಳಿಗಾಗಿ ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳು ಮೀಸಲಾಗಿದ್ದುದನ್ನು ಎಲ್ಲರೂ ಬಲ್ಲಿರಿ. ದನಗಳಿಗಾಗಿ ಉಳಿಸಿದ ಹುಲ್ಲು ಕೃಷ್ಣಮೃಗವನ್ನೂ ಸಾಕಿತು, ತೋಳವನ್ನೂ ಸಾಕಿತು. ಕ್ರಮೇಣ ಈ ಹೆಸರುಗಳೆಲ್ಲ ಅಳಿಸಿ "ಬಂಜರು" ಎಂಬ ಒಂದೇ ಹೆಸರು ನಿಂತಿತು. ಭಾರತ ಸರ್ಕಾರದವರು ೨೦೦೦ನೆಯ ವರ್ಷದಲ್ಲಿ ದೇಶದ ಬಂಜರು ಭೂಮಿಗಳ ನಕ್ಷೆಯನ್ನೇ ಅಚ್ಚುಹಾಕಿಸಿದರು. ಬಂಜರೆಂದ ಮೇಲೆ ಅದನ್ನು ಉಪಯೋಗಕ್ಕೆ ತರುವುದು ಪುಣ್ಯದ ಕೆಲಸವೇ ಆಯಿತಲ್ಲ! ಬಡಾವಣೆ, ನೀಲಗಿರಿ ತೋಪು, ಕಲ್ಲು ಗಣಿ, ಕಾರ್ಖಾನೆ ಎಲ್ಲವೂ ಅಲ್ಲಿಗೇ ಬಂದುವು.

ಇದು ಕೈಗಾರಿಕೆಯನ್ನು ಹಳಿಯುವ ಮಾತಲ್ಲ. ಆ ಮುದುಕರ ಹಿರಿಯ ಮೊಮ್ಮಗನು ಅದೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದುಡಿಯುತ್ತಾನೆ; ನನ್ನ ವಿದ್ಯಾರ್ಥಿಯ ಕಾಲೇಜಿನ ಫೀಜು ಆ ಸಂಬಳದಿಂದ ಬರುತ್ತದೆ. ತೋಳಕ್ಕೆ ಕುರಿಯನ್ನೂ ಕರಡಿಗೆ ಕೈಯನ್ನೋ ಕಣ್ಣನ್ನೋ ಕಳೆದುಕೊಂಡವರ ಮುಂದೆ ನಿಂತು ಪ್ರಾಣಿದಯೆಯನ್ನು ಬೋಧಿಸುವ ಧೈರ್ಯವೂ ನನಗಿಲ್ಲ. ನಾನು ಹೇಳುವುದು ಇಷ್ಟು: ಬೆಟ್ಟವನ್ನು ಅರಣ್ಯವೆಂದೂ ಊರನ್ನು ಊರೆಂದೂ ಬರೆದುಕೊಂಡ ನಮ್ಮ ಲೆಕ್ಕದಲ್ಲಿ ತಪ್ಪಲಿಗೆ ಕಲಮೇ ಇಲ್ಲವಾಯಿತು.

ಪ್ರಾಣಿಗಳನ್ನು ಉಳಿಸಬೇಕೆಂದು ಹೊರಟಾಗಲೂ ನಾವು ಹಳೆಯ ಪಟ್ಟಿಯ ಕ್ರಮವನ್ನೇ ಹಿಡಿದೆವು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ೧೯೭೪ರಲ್ಲಿ ವನ್ಯಧಾಮವಾಯಿತು. ತೋಳವನ್ನು ಕಾಪಾಡುವುದು ಅದರ ಮುಖ್ಯ ಉದ್ದೇಶ. ದರೋಜಿ ಕರಡಿಗೆ. ೨೦೨೦ರ ದಶಕದಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು ೩೩೨ ಎಕರೆಯ ತೋಳಧಾಮವು ಏರ್ಪಟ್ಟಿತು. ಇವೆಲ್ಲವೂ ಕೊಂಡಾಡತಕ್ಕ ಕೆಲಸಗಳೇ. ಆದರೆ ನಕ್ಷೆಯನ್ನು ಬಿಡಿಸಿ ನೋಡಿರಿ: ದರೋಜಿಯು ತುಂಗಭದ್ರೆಯ ಬಲಗಡೆಯ ಸೀಮೆಯಲ್ಲಿ, ಬಂಕಾಪುರವು ಎಡಗಡೆಯ ಸೀಮೆಯಲ್ಲಿ. ಕರಡಿಗೊಂದು ದಡ, ತೋಳಕ್ಕೊಂದು ದಡ, ನಡುವೆ ನದಿ.

ಒಂದು ಕೆಲಸವನ್ನು ಮಾತ್ರ ನಾವು ನೀವು ಸರ್ಕಾರವನ್ನು ಕಾಯದೆ ಮಾಡಬಹುದು. ಕ್ಲೋಸ್‌ಪೇಟೆ ಶಿಲೆಯ ಆ ೪೦೦ ಕಿಲೋಮೀಟರಿನ ತಪ್ಪಲಿನುದ್ದಕ್ಕೂ ಕುರಿ ಕಾದ ಮುದುಕರು ಮುದುಕಿಯರು ಇನ್ನೂ ಕೆಲವರಿದ್ದಾರೆ. ಲಂಡನ್ನಿನ ವಿದ್ವಾಂಸನೂ, ಖಜಾನೆಯ ಗುಮಾಸ್ತನೂ, ಕೋವಿಯ ಸಾಹೇಬನೂ ನೋಡದುದನ್ನು ಅವರು ನೋಡಿದ್ದಾರೆ. ಅವರ ಬಳಿಗೆ ಹೋಗಿ, ಯಾವ ತಿಂಗಳು, ಯಾವ ಹೊತ್ತು, ಯಾವ ಹಳ್ಳ, ಎಷ್ಟು ಪ್ರಾಣಿಗಳು ಎಂದು ಕೇಳಿ, ನಗದೆ ಬರೆದುಕೊಳ್ಳಬೇಕು. ಶಾಸನಗಳನ್ನು ಹುಡುಕಿ ಪಡಿಯಚ್ಚು ತೆಗೆದ ನಾಡು ನಮ್ಮದು. ಕಲ್ಲಿನ ಶಾಸನವು ಇನ್ನೊಂದು ನೂರು ವರ್ಷ ಕಾದೀತು. ಈ ಶಾಸನಗಳು ಕಾಯಲಾರವು.

ಕಳೆದ ತಿಂಗಳು ನನ್ನ ವಿದ್ಯಾರ್ಥಿಯು ಒಂದು ನೋಟುಪುಸ್ತಕವನ್ನು ತಂದು ತೋರಿಸಿದನು. ತಾತನ ಮಾತನ್ನು ಅವರಾಡಿದಂತೆಯೇ ಬರೆದು, ಕೆಳಗೆ ಮಂದೆ ಹಾದುಹೋಗುತ್ತಿದ್ದ ದಾರಿಯನ್ನೂ ಹುತ್ತವಿದ್ದ ಜಾಗವನ್ನೂ ಗುರುತಿಸಿ ಒಂದು ನಕ್ಷೆಯನ್ನು ಎಳೆದಿದ್ದನು. ನಕ್ಷೆಯಲ್ಲಿ ಕಾರ್ಖಾನೆಯ ಗೋಡೆಯೂ ಇತ್ತು. ನಾನು ದಿನಾಂಕ ಹಾಕಿ ರುಜು ಮಾಡೆಂದು ಹೇಳಿದೆನು, ಅವನು ಮಾಡಿದನು. ಆ ಪುಸ್ತಕದಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿಯಿವೆ. ಪಕ್ಕದ ಊರಿನಲ್ಲಿ ಮತ್ತೊಬ್ಬರು ಅಜ್ಜಿ ಇದ್ದಾರಂತೆ. ಮುಂದಿನ ಭಾನುವಾರ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.